ತಳ್ಳುವ ಯಂತ್ರಕ್ಕೆ ಅಗೆಯುವ ತೋಳು

ಸ್ಕಿಡ್ ಸ್ಟಿಯರ್ ಎಂಬ ಪುಟ್ಟ ಲೋಡರಿನ ಬಕೆಟ್ ಕಳಚಿ ಬೇರೊಂದು ಅಟ್ಯಾಚ್‌ಮೆಂಟ್ ತೊಡಿಸುವುದು ಪಳಗಿದ ಆಪರೇಟರಿಗೆ ಕೆಲವೇ ನಿಮಿಷಗಳ ಕೆಲಸ. ಯಂತ್ರದ ಎರಡು ತೋಳುಗಳ ತುದಿಯಲ್ಲಿ ಉಕ್ಕಿನ ಫಲಕವೊಂದಿದೆ, ಅದರ ಮೇಲೆ ಎರಡು ಲಿವರ್. ಲಿವರ್ ಎತ್ತಿದರೆ ಬಕೆಟ್ ಬಿಟ್ಟುಕೊಳ್ಳುತ್ತದೆ, ಒತ್ತಿದರೆ ಹೊಸದು ಕಚ್ಚಿಕೊಳ್ಳುತ್ತದೆ. ರಸ್ತೆ ಗುಡಿಸುವ ಬ್ರಷ್, ಕಾಂಕ್ರೀಟ್ ಒಡೆಯುವ ಬ್ರೇಕರ್, ಬೇಲಿ ಕಂಬಕ್ಕೆ ಗುಂಡಿ ಕೊರೆಯುವ ಆಗರ್, ಇಟ್ಟಿಗೆಯ ಅಟ್ಟಿ ಎತ್ತುವ ಫೋರ್ಕ್, ಎಲ್ಲಕ್ಕೂ ಇದೇ ಫಲಕ ಸಾಕು. ಬ್ಯಾಕ್‌ಹೋ ಮಾತ್ರ ಈ ಸಾಲಿಗೆ ಸುಲಭಕ್ಕೆ ಸೇರುವುದಿಲ್ಲ. ಜೆಸಿಬಿಯ ಹಿಂದೆ ಮಡಚಿಕೊಂಡಿರುತ್ತದಲ್ಲ, ಆ ಉದ್ದನೆಯ ಅಗೆಯುವ ತೋಳೇ ಬ್ಯಾಕ್‌ಹೋ. ಅದನ್ನು ಸ್ಕಿಡ್ ಸ್ಟಿಯರಿಗೆ ಹಾಕಬೇಕೆಂದರೆ ಫಲಕದ ಜೊತೆಗೆ ಯಂತ್ರದ ಚಾಸಿಗೇ ಬೋಲ್ಟ್ ಬಿಗಿಯುವ ಬ್ರಾಕೆಟ್ಟುಗಳ ಇನ್ನೊಂದು ಕಿಟ್ ಬೇಕಾಗುತ್ತದೆ.

ಕಂಪನಿಗಳು ಹಣ ಕೀಳಲು ಹೂಡಿದ ಉಪಾಯ ಇದು ಎಂದು ಕೆಲವರಿಗೆ ಅನಿಸುವುದುಂಟು. ಹಾಗಲ್ಲ. ಈ ಯಂತ್ರ ಹುಟ್ಟಿದ್ದು ಯಾವ ಕೆಲಸಕ್ಕೆ ಎಂದು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ.

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ರಾತ್‌ಸೇ ಎಂಬ ಪುಟ್ಟ ಊರಿದೆ. 1956ರಲ್ಲಿ ಅಲ್ಲಿ ಸಿರಿಲ್ ಕೆಲ್ಲರ್ ಮತ್ತು ಲೂಯಿ ಕೆಲ್ಲರ್ ಎಂಬ ಅಣ್ಣತಮ್ಮಂದಿರು ವೆಲ್ಡಿಂಗ್ ಶಾಪ್ ಇಟ್ಟುಕೊಂಡಿದ್ದರು. ಎಡ್ಡಿ ವೆಲೋ ಎಂಬ ರೈತ ಅವರ ಬಳಿ ತನ್ನ ಕಷ್ಟ ಹೇಳಿಕೊಂಡ. ಆತ ಸಾಕುತ್ತಿದ್ದದ್ದು ಟರ್ಕಿ ಕೋಳಿ. ಕೊಟ್ಟಿಗೆಗೆ ಎರಡು ಅಂತಸ್ತು, ಒಳಗೆ ಅಲ್ಲಲ್ಲಿ ಕಂಬ. ಹಿಕ್ಕೆ ಬಾಚಲು ಟ್ರ್ಯಾಕ್ಟರ್ ತಂದರೆ ಕಂಬಗಳ ನಡುವೆ ತಿರುಗದು, ಮೇಲಂತಸ್ತಿನ ನೆಲ ಅದರ ಭಾರ ತಾಳದು. ಹಗುರವಾಗಿರಬೇಕು, ನಿಂತಲ್ಲೇ ತಿರುಗಬೇಕು, ಅಂಥದ್ದೊಂದು ಬೇಕು ಎಂದ. ಅಣ್ಣತಮ್ಮಂದಿರು ಮೂರು ಗಾಲಿಯ ಲೋಡರ್ ಕಟ್ಟಿದರು. ಎಂಜಿನ್ನಿನ ಶಕ್ತಿ ಮುಂದಿನ ಎರಡು ಗಾಲಿಗಳಿಗೆ ಬೇರೆ ಬೇರೆಯಾಗಿ ಹೋಗುತ್ತಿತ್ತು, ಹಿಂದಿನದು ಕುರ್ಚಿಯ ಗಾಲಿಯ ಹಾಗೆ ಸುಮ್ಮನೆ ಹೊರಳುತ್ತಿತ್ತು. 1957ರ ಆರಂಭದಲ್ಲಿ ಯಂತ್ರ ವೆಲೋನ ಕೊಟ್ಟಿಗೆ ಸೇರಿತು.

ಮರುವರ್ಷ ನಾರ್ತ್ ಡಕೋಟದ ಗ್ವಿನ್ನರ್ ಊರಿನ ಮೆಲ್ರೋ ಕಂಪನಿ ಅದರ ಹಕ್ಕು ಪಡೆಯಿತು. 1960ರಲ್ಲಿ ಬಂದ ಎಂ-400 ಮಾದರಿಗೆ ನಾಲ್ಕು ಗಾಲಿ, ನಾಲ್ಕಕ್ಕೂ ಎಂಜಿನ್ನಿನ ಶಕ್ತಿ. ಸ್ಟಿಯರಿಂಗಿಗೆ ಹೊರಳುವ ಗಾಲಿ ಒಂದೂ ಇಲ್ಲ. ಎಡಗಡೆಯ ಎರಡು ಗಾಲಿ ನಿಧಾನ, ಬಲಗಡೆಯ ಎರಡು ಜೋರು. ಯಂತ್ರ ನೆಲದ ಮೇಲೆ ಜಾರಿಕೊಂಡೇ, ಅಂದರೆ ಸ್ಕಿಡ್ ಆಗಿಯೇ, ಎಡಕ್ಕೆ ತಿರುಗುತ್ತದೆ. 1962ರಲ್ಲಿ ಇದಕ್ಕೆ ಬಾಬ್‌ಕ್ಯಾಟ್ ಎಂಬ ಹೆಸರು ಅಂಟಿತು. ಬೆಂಗಳೂರಿನ ಇಕ್ಕಟ್ಟು ರಸ್ತೆಗಳಲ್ಲಿ ಕಟ್ಟಡದ ಕಸ ಎತ್ತುವ ಪುಟ್ಟ ಲೋಡರನ್ನು, ಅದು ಯಾವ ಕಂಪನಿಯದೇ ಇರಲಿ, ಜನ ಇವತ್ತಿಗೂ ಬಾಬ್‌ಕ್ಯಾಟ್ ಎಂದೇ ಕರೆಯುವುದುಂಟು. ಎರಡು ಲಿವರಿನ ಫಲಕ ಬಂದದ್ದು 1970ರಲ್ಲಿ. ಮುಂದೆ ಬಹುತೇಕ ಕಂಪನಿಗಳು ಅದೇ ಆಕಾರಕ್ಕೆ ಹೊಂದಿಕೊಂಡವು. ಹೀಗಾಗಿ ಒಬ್ಬರ ಬಕೆಟ್ ಇನ್ನೊಬ್ಬರ ಯಂತ್ರಕ್ಕೆ ಕೂರುತ್ತದೆ.

ಇಷ್ಟರಲ್ಲಿ ಗಮನಿಸಬೇಕಾದ್ದು ಒಂದೇ. ಈ ಯಂತ್ರ ಹುಟ್ಟಿದ್ದು ಮುಂದಕ್ಕೆ ತಳ್ಳಿ, ಬಾಚಿ, ಮೇಲೆತ್ತಿ ಸುರಿಯುವುದಕ್ಕೆ. ಫಲಕ ತಾಳಬೇಕಾದ್ದು ಕೆಳಗೆ ಜಗ್ಗುವ ಭಾರವನ್ನು ಮತ್ತು ಎದುರಿನಿಂದ ಒತ್ತುವ ಬಲವನ್ನು.

ಬ್ಯಾಕ್‌ಹೋ ಮಾಡುವುದು ಇದರ ತಿರುಗಾಮುರುಗಾ ಕೆಲಸ. ಅದು ಮಣ್ಣನ್ನು ತನ್ನ ಕಡೆಗೆ ಎಳೆಯುತ್ತದೆ. ಎಳೆದದ್ದನ್ನು ಎತ್ತಿ ಪಕ್ಕಕ್ಕೆ ಹೊರಳಿಸುತ್ತದೆ. ಮೂರು ಮೀಟರ್ ದೂರದಲ್ಲಿ ಮಣ್ಣು ತುಂಬಿದ ಬಕೆಟ್ ಎಡಬಲಕ್ಕೆ ಓಲಾಡಿದರೆ ಬುಡದಲ್ಲಿ ಹುಟ್ಟುವುದು ಭಾರವಲ್ಲ, ತಿರುಚು. ಅದನ್ನು ಫಲಕದ ಲಿವರ್‌ಗಳು ಕೆಳಗಿಳಿಸುವ ಎರಡು ಬೆಣೆಗಳ ಮೇಲೆ ಮಾತ್ರ ಬಿಟ್ಟರೆ ಅವು ದಿನೇ ದಿನೇ ಸವೆದು ಸಡಿಲವಾಗುತ್ತವೆ, ಫಲಕ ಸೊಟ್ಟಗಾಗುತ್ತದೆ, ಲೋಡರಿನ ತೋಳಿನ ಪಿನ್ನು ಬುಷ್ಷುಗಳಲ್ಲಿ ಆಟ ಶುರುವಾಗುತ್ತದೆ. ಬ್ರಾಕೆಟ್ ಕಿಟ್ ಇರುವುದು ಇದಕ್ಕೆ. ಬ್ಯಾಕ್‌ಹೋದ ಚೌಕಟ್ಟನ್ನು ಅದು ನೇರವಾಗಿ ಚಾಸಿಗೆ ಪಿನ್ ಮಾಡುತ್ತದೆ. ಅಗೆಯುವ ಬಲ ಲೋಡರಿನ ತೋಳುಗಳ ಮೂಲಕ ಹೋಗದೆ ಚಾಸಿಗೆ ಇಳಿಯುತ್ತದೆ. ಅಲ್ಲಿಂದ ನೆಲಕ್ಕೆ ದಾಟಿಸುವುದು ಎರಡು ಬದಿಯ ಜಾಕುಗಳು. ಪಿಕಾಸಿ ಹಿಡಿದ ಕೂಲಿಯಾಳು ಕಾಲು ಅಗಲಿಸಿ ಊರಿಕೊಂಡ ಮೇಲೆಯೇ ಏಟು ಹಾಕುತ್ತಾನಲ್ಲ, ಜಾಕಿನ ಕೆಲಸ ಅದೇ. ಜಾಕ್ ಊರದೆ ಗಟ್ಟಿ ಮಣ್ಣಿಗೆ ಬಕೆಟ್ ಹಾಕಿ ಎಳೆದರೆ ಮಣ್ಣು ಬರುವ ಬದಲು ಯಂತ್ರವೇ ಗುಂಡಿಯತ್ತ ಹೊರಡುತ್ತದೆ.

ಬಲ ಎಷ್ಟು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. 75 ಮಿಲಿಮೀಟರ್ ವ್ಯಾಸದ ಸಿಲಿಂಡರಿಗೆ 200 ಬಾರ್ ಒತ್ತಡದ ಎಣ್ಣೆ ನುಗ್ಗಿದರೆ ಪಿಸ್ಟನ್ ತಳ್ಳುವ ಬಲ ಸುಮಾರು 9 ಟನ್. ತೋಳಿನ ಉದ್ದದಿಂದಾಗಿ ಬಕೆಟ್ಟಿನ ಹಲ್ಲಿನ ತನಕ ಬರುವಷ್ಟರಲ್ಲಿ ಅದು ಎಷ್ಟೋ ಪಾಲು ಇಳಿದುಹೋಗುತ್ತದೆ. ಆದರೂ ಉಳಿದದ್ದು ಮೂರು ಟನ್ನಿನ ಲೋಡರನ್ನು ಅಲ್ಲಾಡಿಸಲು ಧಾರಾಳವಾಯಿತು.

ತಮಾಷೆಯೆಂದರೆ, ಬ್ಯಾಕ್‌ಹೋ ಹುಟ್ಟಿದ್ದೇ ಇನ್ನೊಂದು ಯಂತ್ರಕ್ಕೆ ತಗುಲಿಸುವ ಸಾಮಾನಾಗಿ. ಅಮೆರಿಕದ ವೈನ್-ರಾಯ್ ಕಂಪನಿ ಫೋರ್ಡ್ 8ಎನ್ ಟ್ರ್ಯಾಕ್ಟರಿನ ಹಿಂದೆ ಹೈಡ್ರಾಲಿಕ್ ಬ್ಯಾಕ್‌ಹೋ ಕೂರಿಸಿ ಮಾರಿದ್ದು 1948ರಲ್ಲಿ. ಇಂಗ್ಲೆಂಡಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್, ಅಂದರೆ ಜೆಸಿಬಿಯ ಮೂರು ಅಕ್ಷರಗಳ ಒಡೆಯ, 1953ರಲ್ಲಿ ಟ್ರ್ಯಾಕ್ಟರೊಂದಕ್ಕೆ ಮುಂದೆ ಲೋಡರ್, ಹಿಂದೆ ಅಗೆಯುವ ತೋಳು ಜೋಡಿಸಿದರು. ಕೆಲ್ಲರ್ ಸಹೋದರರ ಲೋಡರ್ ಕೊಟ್ಟಿಗೆಗೆ ಹೋದ 1957ರಲ್ಲೇ ಅಮೆರಿಕದ ಕೇಸ್ ಕಂಪನಿ ಲೋಡರ್, ಬ್ಯಾಕ್‌ಹೋ ಎರಡನ್ನೂ ಕಾರ್ಖಾನೆಯಲ್ಲೇ ಕೂಡಿಸಿದ 320 ಮಾದರಿಯನ್ನು ಹೊರತಂದಿತು. ಆಮೇಲೆ ಬ್ಯಾಕ್‌ಹೋ ಲೋಡರ್ ಒಂದೇ ಮೈಯಾಗಿ ಬೆಳೆಯಿತು. ಭಾರತಕ್ಕೆ ಜೆಸಿಬಿ ಬಂದದ್ದು 1979ರಲ್ಲಿ, ಹರಿಯಾಣದ ಬಲ್ಲಭ್‌ಗಢಕ್ಕೆ.

ಈಗ ಜೋಡಿಸುವ ಕೆಲಸಕ್ಕೆ ಬರೋಣ. ನೆಲ ಸಮತಟ್ಟಾಗಿರಬೇಕು, ಇದು ಎಲ್ಲಕ್ಕಿಂತ ಮೊದಲು. ಬ್ಯಾಕ್‌ಹೋ ತನ್ನ ಜಾಕುಗಳ ಮೇಲೆ, ತೋಳು ಮಡಚಿಕೊಂಡು ನಿಂತಿರುತ್ತದೆ. ಆಪರೇಟರ್ ಲೋಡರಿನ ಫಲಕವನ್ನು ಮುಂದಕ್ಕೆ ಬಾಗಿಸಿ ಮೆಲ್ಲಗೆ ಹತ್ತಿರ ತರುತ್ತಾನೆ. ಫಲಕದ ಮೇಲಂಚು ಬ್ಯಾಕ್‌ಹೋ ಚೌಕಟ್ಟಿನ ಬಾಗಿದ ತುಟಿಯ ಕೆಳಗೆ ಹೊಗಬೇಕು. ಹೊಕ್ಕ ಮೇಲೆ ಫಲಕವನ್ನು ಹಿಂದಕ್ಕೆ ಹೊರಳಿಸಿದರೆ ಚೌಕಟ್ಟು ಬಂದು ಅದರ ಮೇಲೆ ಒರಗುತ್ತದೆ. ಎಂಜಿನ್ ನಿಲ್ಲಿಸಿ, ಕೆಳಗಿಳಿದು, ಲಿವರ್‌ಗಳನ್ನು ಕೊನೆಯವರೆಗೆ ಒತ್ತಬೇಕು. ಒತ್ತಿದಾಗ ಎರಡು ಬೆಣೆಗಳು ಚೌಕಟ್ಟಿನ ಕೆಳಗಿನ ತೂತುಗಳಿಂದ ಹೊರಗೆ ಇಣುಕುತ್ತವೆ.

ಈ ಇಣುಕುವುದನ್ನು ಕಣ್ಣಾರೆ ನೋಡಬೇಕು. ಲಿವರ್ ಪೂರ್ತಿ ಕೆಳಗೆ ಬಂದಂತೆ ಕಂಡರೂ ತೂತಿನಲ್ಲಿ ಒಣಗಿದ ಮಣ್ಣು ಕೂತಿದ್ದರೆ ಬೆಣೆ ಅರ್ಧಕ್ಕೇ ನಿಂತಿರಬಹುದು. ಎರಡರಲ್ಲಿ ಒಂದು ಮಾತ್ರ ಕಚ್ಚಿದ ಅಟ್ಯಾಚ್‌ಮೆಂಟ್ ನೆಲದ ಮೇಲಿರುವಾಗ ಸುಭದ್ರವಾಗಿಯೇ ಕಾಣುತ್ತದೆ. ಎತ್ತಿದ ಮೇಲೆ ಕಳಚಿ ಬೀಳುತ್ತದೆ, ಕೆಲವೊಮ್ಮೆ ತೋಳಿನುದ್ದಕ್ಕೂ ಹಿಂದಕ್ಕೆ ಕ್ಯಾಬಿನ್ನಿನತ್ತ ಉರುಳುತ್ತದೆ. ಈಚಿನ ಯಂತ್ರಗಳಲ್ಲಿ ಕೂತಲ್ಲಿಂದಲೇ ಗುಂಡಿ ಒತ್ತಿ ಬೆಣೆ ಇಳಿಸಬಹುದು. ಆ ಅನುಕೂಲವೇ ಇಳಿದು ನೋಡುವ ಅಭ್ಯಾಸವನ್ನು ತಪ್ಪಿಸುತ್ತಿದೆ.

ಮುಂದಿನದು ಚಾಸಿಯ ಬ್ರಾಕೆಟ್. ತೋಳುಗಳನ್ನು ಪೂರ್ತಿ ಇಳಿಸಿ, ಬ್ಯಾಕ್‌ಹೋ ಚೌಕಟ್ಟಿನ ಕೆಳತುದಿಯನ್ನು ಬ್ರಾಕೆಟ್ಟಿನ ನೇರಕ್ಕೆ ತಂದು ಪಿನ್ ಹೊಡೆಯಬೇಕು, ಪಿನ್ನಿಗೆ ಲಾಕ್ ಹಾಕಬೇಕು. ತೂತುಗಳು ನೇರವಾದವೇ ಎಂದು ಬೆರಳು ಹಾಕಿ ನೋಡುವವರುಂಟು. ಎಣ್ಣೆಯ ಒತ್ತಡ ಒಂದಿಷ್ಟು ಇಳಿದರೂ ಚೌಕಟ್ಟು ಜರುಗುತ್ತದೆ, ಬೆರಳು ಹೋಗುತ್ತದೆ. ಕಬ್ಬಿಣದ ಸಲಾಕೆ ಇರುವುದು ಅದಕ್ಕೇ.

ಸೆಕೆಂಡ್ ಹ್ಯಾಂಡ್ ಬ್ಯಾಕ್‌ಹೋ ಕೊಳ್ಳುವವರು ಎಡವುವುದೂ ಇಲ್ಲೇ. ಫಲಕ ಎಲ್ಲ ಕಂಪನಿಗಳಿಗೂ ಹೆಚ್ಚು ಕಡಿಮೆ ಒಂದೇ, ಚಾಸಿ ಹಾಗಲ್ಲ. ಬ್ರಾಕೆಟ್ಟಿನ ಬೋಲ್ಟ್ ತೂತುಗಳು ಮಾದರಿಯಿಂದ ಮಾದರಿಗೆ ಬೇರೆ. ತೋಳು ಅಗ್ಗಕ್ಕೆ ಸಿಕ್ಕಿತೆಂದು ತಂದು, ತಮ್ಮ ಯಂತ್ರಕ್ಕೆ ಹೊಂದುವ ಕಿಟ್ ಸಿಗದೆ, ಕೊನೆಗೆ ವರ್ಕ್‌ಶಾಪಿನಲ್ಲಿ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿಸುವುದು ನಡೆಯುತ್ತದೆ. ಒಳ್ಳೆಯ ವೆಲ್ಡರ್ ಆದರೆ ಅದು ನಿಲ್ಲಲೂಬಹುದು. ಆದರೆ ಚಾಸಿಯ ಯಾವ ಭಾಗ ಎಷ್ಟು ಎಳೆತ ತಡೆಯುತ್ತದೆ ಎಂಬುದು ತಯಾರಿಸಿದವರಿಗೆ ಗೊತ್ತು, ವೆಲ್ಡರಿಗೆ ಗೊತ್ತಿರುವುದಿಲ್ಲ. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ, ಕಿಟ್ಟಿನದ್ದು.

ಹೋಸುಗಳದ್ದು ಬೇರೆಯೇ ತಕರಾರು. ಬ್ಯಾಕ್‌ಹೋದಿಂದ ಎರಡು ಹೋಸು ಬರುತ್ತವೆ, ಎಣ್ಣೆ ಹೋಗಲು ಒಂದು, ಮರಳಲು ಒಂದು. ಅವುಗಳ ತುದಿಯ ಕಪ್ಲರ್ ಲೋಡರಿನ ಕಪ್ಲರಿಗೆ ಟಕ್ ಎಂದು ಕೂರಬೇಕು. ಬಿಸಿಲಲ್ಲಿ ನಿಂತ ಬ್ಯಾಕ್‌ಹೋದ ಹೋಸು ಮಾತ್ರ ಎಷ್ಟು ಒತ್ತಿದರೂ ಕೂರುವುದಿಲ್ಲ. ಒಳಗೆ ಸಿಕ್ಕಿಕೊಂಡ ಎಣ್ಣೆ ಕಾದು ಹಿಗ್ಗಿ, ಕಪ್ಲರಿನ ಕವಾಟವನ್ನು ಒಳಗಿನಿಂದ ಒತ್ತಿ ಹಿಡಿದಿರುತ್ತದೆ. ಸುತ್ತಿಗೆ ಎತ್ತಿಕೊಳ್ಳುವ ಹೊತ್ತು ಇದು. ಎತ್ತಿಕೊಂಡವರು ಕಪ್ಲರಿನ ಮುಖ ಜಜ್ಜಿ ಸೋರಿಕೆ ಸಂಪಾದಿಸುತ್ತಾರೆ. ಒತ್ತಡ ಬಿಡಿಸುವ ವ್ಯವಸ್ಥೆ ಯಂತ್ರದಲ್ಲೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಕಪ್ಲರನ್ನು ಒಳಕ್ಕೆ ಒತ್ತಿ ಐದು ಸೆಕೆಂಡ್ ಹಿಡಿದರೆ ಸಾಕು, ಇನ್ನು ಕೆಲವಲ್ಲಿ ಎಂಜಿನ್ ಆರಿಸಿ, ಕೀ ಆನ್ ಇಟ್ಟು, ಹೈಡ್ರಾಲಿಕ್ ಸ್ವಿಚ್ಚನ್ನು ಎರಡೂ ಕಡೆಗೆ ಆಡಿಸಬೇಕು. ಆಮೇಲೆ ಎರಡೂ ಮುಖಗಳನ್ನು ಬಟ್ಟೆಯಿಂದ ಒರೆಸಿ ಕೂಡಿಸಬೇಕು. ಕಪ್ಲರಿನ ಮುಖದ ಮೇಲಿನ ಚಿಟಿಕೆ ಮರಳು ಮರುಕ್ಷಣ ಎಣ್ಣೆಯ ಜೊತೆ ವಾಲ್ವಿನಲ್ಲಿರುತ್ತದೆ.

ಎಷ್ಟು ಎಣ್ಣೆ ಬೇಕು? ಸಾಧಾರಣ ಸ್ಕಿಡ್ ಸ್ಟಿಯರ್ ನಿಮಿಷಕ್ಕೆ ಸುಮಾರು 60ರಿಂದ 90 ಲೀಟರ್ ಎಣ್ಣೆಯನ್ನು ಅಟ್ಯಾಚ್‌ಮೆಂಟಿಗೆ ಕಳಿಸುತ್ತದೆ. ಬ್ಯಾಕ್‌ಹೋಗೆ ಅದು ಸಾಕು. ಹೈ ಫ್ಲೋ ಎಂಬ ದುಬಾರಿ ಸೌಕರ್ಯ ಬೇಡ. ಎಣ್ಣೆಯ ಪ್ರಮಾಣ ತೋಳಿನ ವೇಗವನ್ನು ನಿರ್ಧರಿಸುತ್ತದೆ, ಒತ್ತಡ ಬಲವನ್ನು. ತೋಳು ನಿಧಾನವಾಯಿತೆಂದು ಒತ್ತಡ ಏರಿಸಲು ಹೊರಡುವ ಮೆಕ್ಯಾನಿಕ್ ಕೈಗೆ ಯಂತ್ರ ಕೊಡದಿರುವುದು ಲೇಸು.

ಕೂಡಿಸಿದ ಮೇಲೆ ಎಂಜಿನ್ನನ್ನು ಕಡಿಮೆ ವೇಗದಲ್ಲಿಟ್ಟು, ತೋಳನ್ನು ಎಲ್ಲ ದಿಕ್ಕಿಗೂ ಒಮ್ಮೆ ಆಡಿಸಿ, ಒಳಗಿನ ಗಾಳಿ ಹೊರಗೆ ಹಾಕಿ, ಟ್ಯಾಂಕಿನಲ್ಲಿ ಎಣ್ಣೆ ಇಳಿದಿದ್ದರೆ ತುಂಬಬೇಕು. ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಹೋಸಿನ ಮೇಲೆ ಕೈ ಸವರಿ ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ 200 ಬಾರ್ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆ ಚರ್ಮದೊಳಗೆ ಹೊಗುತ್ತದೆ. ಮೊದಲಿಗೆ ಇರುವೆ ಕಚ್ಚಿದಷ್ಟೇ ನೋವು. ಆಸ್ಪತ್ರೆಗೆ ಹೋಗಲು ಸಂಜೆಯಾಗಲಿ ಎಂದುಕೊಂಡರೆ ಬೆರಳನ್ನೇ ಕತ್ತರಿಸಬೇಕಾದೀತು; ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಾದ ಗಾಯ ಅದು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು. ಎಣ್ಣೆ ಬಿದ್ದಲ್ಲಿ ಒದ್ದೆಯಾಗುತ್ತದೆ.

ಬ್ಯಾಕ್‌ಹೋ ನಡೆಸುವವನು ಕ್ಯಾಬಿನ್ನಿನಲ್ಲಿ ಕೂರುವುದಿಲ್ಲ. ಪೂರ್ಣ ಪ್ರಮಾಣದ ಬ್ಯಾಕ್‌ಹೋಗೆ ತನ್ನದೇ ಸೀಟು, ತನ್ನದೇ ಲಿವರ್‌ಗಳಿವೆ. ಸ್ಕಿಡ್ ಸ್ಟಿಯರ್ ಆದರೋ ಸೀಟಿನಲ್ಲಿ ಆಪರೇಟರ್ ಇಲ್ಲದಿದ್ದರೆ ಅಥವಾ ಅವನ ಮುಂದಿನ ಸುರಕ್ಷತಾ ಬಾರ್ ಎತ್ತಿದ್ದರೆ ತೋಳುಗಳನ್ನು ಲಾಕ್ ಮಾಡಿಬಿಡುತ್ತದೆ. ಈ ವ್ಯವಸ್ಥೆ ಬಂದದ್ದಕ್ಕೆ ಕಾರಣವಿದೆ. ಕ್ಯಾಬಿನ್ನಿನಿಂದ ಹೊರಕ್ಕೆ ಬಾಗಿದವರು, ಎತ್ತಿದ ತೋಳಿನ ಕೆಳಗೆ ಇಳಿದವರು ತೋಳಿಗೂ ಚಾಸಿಗೂ ನಡುವೆ ಸಿಕ್ಕಿ ಸತ್ತ ಪ್ರಕರಣಗಳು ಅಮೆರಿಕದಲ್ಲಿ ಹಲವಾರು. ಅಲ್ಲಿನ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ 1998ರಲ್ಲಿ ಈ ಯಂತ್ರದ ಬಗ್ಗೆಯೇ ಪ್ರತ್ಯೇಕ ಎಚ್ಚರಿಕೆ ಹೊರಡಿಸಿತು. ಹಾಗಾಗಿ ಬ್ಯಾಕ್‌ಹೋ ಹಾಕಿದಾಗ ತೋಳುಗಳ ಲಾಕ್ ಹಾಗೇ ಇದ್ದು, ಅಟ್ಯಾಚ್‌ಮೆಂಟಿಗೆ ಹೋಗುವ ಎಣ್ಣೆ ಮಾತ್ರ ಹರಿಯುತ್ತಿರಬೇಕು. ಅದಕ್ಕೆ ಕಂಪನಿ ಕೊಟ್ಟ ಸ್ವಿಚ್ ಬೇರೆ ಇರುತ್ತದೆ. ಅದು ಗೊತ್ತಿಲ್ಲದವರು ಸೀಟಿನ ಕೆಳಗಿನ ವೈರ್ ಕಿತ್ತು ಶಾರ್ಟ್ ಮಾಡುತ್ತಾರೆ. ಬ್ಯಾಕ್‌ಹೋ ಕಳಚಿದ ಮೇಲೂ ಆ ವೈರ್ ಹಾಗೇ ಉಳಿಯುತ್ತದೆ.

ಇನ್ನೊಂದು ತೊಡಕು, ಸ್ಕಿಡ್ ಸ್ಟಿಯರಿನ ಬಾಗಿಲು ಇರುವುದೇ ಮುಂದೆ. ಬ್ಯಾಕ್‌ಹೋ ಕೂತಿರುವುದೂ ಅಲ್ಲೇ. ಹತ್ತುವಾಗ ಇಳಿಯುವಾಗ ಅದರ ಸೀಟು, ಲಿವರ್‌ಗಳನ್ನು ದಾಟಬೇಕು. ಎಂಜಿನ್ ಓಡುತ್ತಿರುವಾಗ ಪ್ಯಾಂಟಿನ ಕಾಲು ಒಂದು ಲಿವರಿಗೆ ಸಿಕ್ಕಿದರೂ ತೋಳು ಬೀಸುತ್ತದೆ.

ಓಡಿಸುವಾಗಲೂ ಯಂತ್ರದ ಗುಣ ಬದಲಾಗಿರುತ್ತದೆ. ಖಾಲಿ ಸ್ಕಿಡ್ ಸ್ಟಿಯರಿನ ಭಾರ ಹೆಚ್ಚಾಗಿ ಹಿಂದಿನ ಗಾಲಿಗಳ ಮೇಲೆ. ಹಾಗಿರುವುದರಿಂದಲೇ ಹಗುರವಾದ ಮುಂಭಾಗ ನೆಲದ ಮೇಲೆ ಜಾರಿ ಸಲೀಸಾಗಿ ತಿರುಗುತ್ತದೆ. ಮುಂದೆ ಐನೂರು ಆರುನೂರು ಕಿಲೋ ತೂಗುವ ಬ್ಯಾಕ್‌ಹೋ ನೇತುಬಿದ್ದರೆ ಮುಂದೂ ಹಿಂದೂ ಸಮನಾಗುತ್ತ ಬರುತ್ತದೆ; ತಿರುಗಲು ಯಂತ್ರ ಮುಷ್ಕರ ಹೂಡುತ್ತದೆ, ಟೈರು ಉಜ್ಜುತ್ತದೆ, ಡಾಂಬರು ಕಿತ್ತು ಬರುತ್ತದೆ. ಭಾರದ ಮಿತಿಯ ಲೆಕ್ಕವೂ ಇದೆ. ಯಂತ್ರ ಮುಂದಕ್ಕೆ ಮುಗ್ಗರಿಸುವ ಭಾರ 1,400 ಕಿಲೋ ಎಂದಾದರೆ, ಗಾಲಿಯ ಲೋಡರಿಗೆ ಕಂಪನಿ ಬರೆಯುವ ಮಿತಿ ಅದರ ಅರ್ಧ, 700 ಕಿಲೋ. ಆ ಲೆಕ್ಕ ಬಕೆಟ್ಟಿನದ್ದು. ಬ್ಯಾಕ್‌ಹೋದ ಭಾರದ ಕೇಂದ್ರ ಇನ್ನೂ ಮುಂದಕ್ಕಿರುತ್ತದೆ, ಹಾಗಾಗಿ ತೂಕ ಮಿತಿಯೊಳಗಿದ್ದರೂ ಎಚ್ಚರ ಬೇಕು. ಇಳಿಜಾರಿನಲ್ಲಿ ಭಾರದ ಬದಿ ಯಾವಾಗಲೂ ಏರಿನ ಕಡೆಗಿರಬೇಕೆಂಬುದು ನಿಯಮ. ಖಾಲಿ ಯಂತ್ರ ಹಿಂದಕ್ಕೆ ಏರಬೇಕು; ಬ್ಯಾಕ್‌ಹೋದಿಂದ ಮುಂಭಾಗ ಹೆಚ್ಚು ಭಾರವಾದ ಯಂತ್ರ ಮುಂದಕ್ಕೆ ಏರಿ, ಹಿಂದಕ್ಕೆ ಇಳಿಯಬೇಕು.

ಇಷ್ಟೆಲ್ಲ ಪಾಡು ಪಟ್ಟು ಸಿಗುವುದೇನು? ಎರಡರಿಂದ ಮೂರು ಮೀಟರಿನ ಆಳ. ಜೆಸಿಬಿ ನಾಲ್ಕು ಮೀಟರಿಗೂ ಹೆಚ್ಚು ಹೋಗುತ್ತದೆ. ಜೆಸಿಬಿಯಲ್ಲಿ ಸೀಟು ಹಿಂದಕ್ಕೆ ತಿರುಗಿಸಿದರೆ ಅಗೆತ, ಮುಂದಕ್ಕೆ ತಿರುಗಿಸಿದರೆ ಓಡಾಟ. ಸ್ಕಿಡ್ ಸ್ಟಿಯರಿನಲ್ಲಿ ಒಂದೆರಡು ಮೀಟರ್ ಅಗೆದಾಗಲೆಲ್ಲ ಸೀಟಿನಿಂದೆದ್ದು, ಕ್ಯಾಬಿನ್ನಿಗೆ ನುಸುಳಿ, ಯಂತ್ರ ಹಿಂದೆ ಸರಿಸಿ, ಮತ್ತೆ ಬಂದು ಜಾಕ್ ಊರಬೇಕು. ಉದ್ದನೆಯ ಪೈಪ್‌ಲೈನಿಗೆ ಇದು ತಕ್ಕ ಸಾಧನವಲ್ಲ. ಅದಕ್ಕೆ ಚೈನಿನ ಟ್ರೆಂಚರ್ ಎಂಬ ಬೇರೆ ಅಟ್ಯಾಚ್‌ಮೆಂಟ್ ಇದೆ. ಶೌಚದ ಗುಂಡಿ, ಮರದ ಬೊಡ್ಡೆ, ಒಡೆದ ನೀರಿನ ಪೈಪು, ನಾಲ್ಕಾರು ಪಾಯದ ಗುಂಡಿ, ಇಂಥ ಚೂರುಪಾರು ಕೆಲಸಕ್ಕೆ, ಅದೂ ದೊಡ್ಡ ಯಂತ್ರ ನುಗ್ಗದ ಕಡೆ, ಇದು ಹೊಂದುತ್ತದೆ. ಅಮೆರಿಕದ ರೈತ ಬ್ಯಾಕ್‌ಹೋ ಕೊಳ್ಳುವುದು ಆ ಲೆಕ್ಕದಲ್ಲಿ. ಲೋಡರ್ ಹೇಗೂ ಮನೆಯಲ್ಲಿದೆ, ವರ್ಷಕ್ಕೆ ಹತ್ತಾರು ಬಾರಿ ಅಗೆಯಲು ಇನ್ನೊಂದು ಎಂಜಿನ್ ಸಾಕುವುದೇಕೆ?

ಕರ್ನಾಟಕದಲ್ಲಿ ಆ ಲೆಕ್ಕ ಅಷ್ಟು ಸುಲಭಕ್ಕೆ ಕೂಡುವುದಿಲ್ಲ. ಬಾಬ್‌ಕ್ಯಾಟ್, ಜೆಸಿಬಿ, ಕೇಸ್ ಮೂವರ ಸ್ಕಿಡ್ ಸ್ಟಿಯರುಗಳೂ ನಮ್ಮಲ್ಲಿ ಬಂದಿವೆ. ಬೆಂಗಳೂರಿನ ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಎಕ್ಸ್‌ಕಾನ್ ಮೇಳ ಇಂಥ ಯಂತ್ರಗಳ ಜಾತ್ರೆಯೇ. ಆದರೆ ನಮ್ಮಲ್ಲಿ ಸ್ಕಿಡ್ ಸ್ಟಿಯರ್ ಹೆಚ್ಚಾಗಿ ಕಾಣುವುದು ಗುತ್ತಿಗೆದಾರರ ಬಳಿ, ರೈತರ ಬಳಿಯಲ್ಲ. ಅಗೆಯಬೇಕಾದವನು ಫೋನ್ ಮಾಡಿದರೆ ಗಂಟೆ ಬಾಡಿಗೆಗೆ ಜೆಸಿಬಿ ಬಾಗಿಲಿಗೆ ಬರುತ್ತದೆ, ಜೊತೆಗೆ ಅದರ ಮೇಲೇ ಪಳಗಿದ ಡ್ರೈವರೂ. ಜೆಸಿಬಿ ಹೊಗದ ಮಲೆನಾಡಿನ ಅಡಿಕೆ ತೋಟಗಳಿಗೆ ಮಿನಿ ಎಕ್ಸ್‌ಕವೇಟರ್ ಇಳಿಯುತ್ತಿದೆ. ನಡುವೆ ಸ್ಕಿಡ್ ಸ್ಟಿಯರ್ ಬ್ಯಾಕ್‌ಹೋಗೆ ಉಳಿಯುವ ಜಾಗ ನಗರದ ಗಲ್ಲಿಗಳದ್ದು, ಕಾರ್ಖಾನೆಗಳ ಒಳಾಂಗಣದ್ದು. ಲೋಡರ್ ಆಗಲೇ ಇಟ್ಟುಕೊಂಡ ಗುತ್ತಿಗೆದಾರನಿಗೆ ಅದು ಲಾಭ. ಬ್ಯಾಕ್‌ಹೋಗಾಗಿಯೇ ಸ್ಕಿಡ್ ಸ್ಟಿಯರ್ ಕೊಳ್ಳುತ್ತೇನೆ ಎನ್ನುವವರಿಗೆ ಮಿನಿ ಎಕ್ಸ್‌ಕವೇಟರ್ ನೋಡಿ ಎನ್ನುವುದೇ ಸರಿ.

ಗಲ್ಲಿಯಲ್ಲಿ ಅಗೆಯುವವರಿಗೆ ನೆಲದೊಳಗಿನ ಕೇಬಲ್ಲು, ಗ್ಯಾಸ್ ಪೈಪಿನ ಚಿಂತೆಯೂ ಇದೆ. ಅಮೆರಿಕದಲ್ಲಿ 2007ರಿಂದ ಇದಕ್ಕೆಂದೇ 811 ಎಂಬ ದೂರವಾಣಿ ಸಂಖ್ಯೆ ಇದೆ. ಕರೆ ಮಾಡಿದರೆ ಸಂಬಂಧಪಟ್ಟವರು ಬಂದು ನೆಲದ ಮೇಲೆ ಗುರುತು ಹಾಕುತ್ತಾರೆ. ಭಾರತದಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರ ಮಾರ್ಚಿನಲ್ಲಿ ಬಂದಿದೆ. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುವ ಯಂತ್ರದ ಪಕ್ಕ ನಿಂತು ಆ್ಯಪ್ ತೆರೆಯುವವರು ಕಡಿಮೆ. ಅದು ಹಿಂದಿನ ವಾರವೇ ಆಗಬೇಕಾದ ಕೆಲಸ.

ಕಳಚುವಾಗ ಎಲ್ಲವೂ ಹಿಂದುಮುಂದಾಗಿ ನಡೆಯುತ್ತದೆ. ತೋಳು ಮಡಚಿ ಲಾಕ್ ಹಾಕಿ, ಗಟ್ಟಿ ನೆಲದಲ್ಲಿ ಜಾಕ್ ಊರಿ, ಎಂಜಿನ್ ಆರಿಸಿ, ಲಿವರ್‌ಗಳನ್ನು ಆಡಿಸಿ ಒತ್ತಡ ಬಿಡಬೇಕು. ಹೋಸು ಕಳಚಿ, ತುದಿಗಳಿಗೆ ಮುಚ್ಚಳ ಹಾಕಿ, ಮಣ್ಣು ತಾಗದಂತೆ ಮೇಲೆ ಸಿಕ್ಕಿಸಬೇಕು. ಚಾಸಿಯ ಪಿನ್ ತೆಗೆದ ಮೇಲೆಯೇ ಫಲಕದ ಲಿವರ್ ಎತ್ತಬೇಕು. ತೆಗೆದ ಪಿನ್ನುಗಳನ್ನು ಬ್ಯಾಕ್‌ಹೋದ ತೂತಿನಲ್ಲೇ ಹಾಕಿಡುವುದು ವಾಡಿಕೆ. ಟೂಲ್ ಬಾಕ್ಸಿಗೆ ಹೋದ ಪಿನ್ ಮುಂದಿನ ಸಲ ಹುಡುಕಿದರೆ ಸಿಗುವುದಿಲ್ಲ. ನಿಲ್ಲಿಸುವ ಜಾಗ ನೆರಳಿನಲ್ಲಿದ್ದರೆ ಒಳ್ಳೆಯದು, ಜಾಕಿನ ಕೆಳಗೊಂದು ಹಲಗೆ ಇಟ್ಟರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಒಂದು ಜಾಕ್ ಹೂತು ಚೌಕಟ್ಟು ವಾಲಿದರೆ ಫಲಕದ ಅಂಚನ್ನು ಅದರ ಬಾಗಿದ ತುಟಿಯ ಕೆಳಗೆ ತೂರಿಸಲು ಅರ್ಧ ದಿನ ಬೇಕಾಗುತ್ತದೆ.